ಮುಂದೆ ಓಡಿದವನ ಲೆಕ್ಕ: ಮಾಂಟ್ರಿಯಲ್‌ನಲ್ಲಿ ಶ್ರೀರಾಮ್ ಸಿಂಗ್

1976ರ ಜುಲೈ 25ರಂದು ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಮೊದಲ ಸುತ್ತನ್ನು ಎಲ್ಲರಿಗಿಂತ ಮುಂದೆ ಮುಗಿಸಿದವರು ಭಾರತದ ಶ್ರೀರಾಮ್ ಸಿಂಗ್. ಆಗ ಗಡಿಯಾರ ತೋರಿಸಿದ್ದು 50.85 ಸೆಕೆಂಡು. ಅವರ ಬೆನ್ನಿಗೇ ಇದ್ದ ಕ್ಯೂಬಾದ ಆಲ್ಬರ್ಟೊ ಹ್ವಾಂಟೊರೇನಾ ಎರಡನೇ ಸುತ್ತಿನಲ್ಲಿ ಮುನ್ನುಗ್ಗಿ, 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಶ್ರೀರಾಮ್ ಸಿಂಗ್ 1 ನಿಮಿಷ 45.77 ಸೆಕೆಂಡಿನಲ್ಲಿ ಏಳನೆಯವರಾದರು. ದಾಖಲೆ ಸಾಧ್ಯವಾದದ್ದು ಭಾರತೀಯ ಓಟಗಾರ ಹಾಕಿಕೊಟ್ಟ ವೇಗದಿಂದ ಎಂದು ಹ್ವಾಂಟೊರೇನಾ ಮುಂದೆ ಒಪ್ಪಿಕೊಂಡರು. ಆ ಉದಾರ ಮಾತೇ ಶ್ರೀರಾಮ್ ಸಿಂಗ್ ಅವರ ಪಾಲಿಗೆ ಒಂದು ಚೌಕಟ್ಟಾಗಿಬಿಟ್ಟಿತು. ಇನ್ನೊಬ್ಬರ ದಾಖಲೆಗೆ ದಾರಿ ಮಾಡಿಕೊಟ್ಟವರು, ಉತ್ಸಾಹದಲ್ಲಿ ಶಕ್ತಿಯನ್ನೆಲ್ಲ ಮೊದಲೇ ಖರ್ಚು ಮಾಡಿಕೊಂಡವರು ಎಂಬಂತೆ ಅವರನ್ನು ನೆನೆಯುವುದು ರೂಢಿಯಾಯಿತು. ಆದರೆ ಆ ಓಟದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ. ಮುಂದೆ ಓಡಿದ್ದು ಅವರ ಅವಿವೇಕವಲ್ಲ. ಅವರ ಮುಂದಿದ್ದ ದಾರಿಗಳಲ್ಲಿ ಅದೇ ಸರಿಯಾದದ್ದು ಎಂಬುದು ನನ್ನ ವಾದ.

ಆ ಹಂತಕ್ಕೆ ಅವರು ಬಂದ ಬಗೆಯನ್ನು ಮೊದಲು ನೋಡಬೇಕು. ರಾಜಸ್ಥಾನದ ಶ್ರೀರಾಮ್ ಸಿಂಗ್ ರಜಪೂತಾನಾ ರೈಫಲ್ಸ್ ಸೇರಿದ ಮೇಲೆ ತರಬೇತುದಾರ ಇಲಿಯಾಸ್ ಬಾಬರ್ ಅವರ ಕೈಯಲ್ಲಿ 800 ಮೀಟರ್ ಓಟಗಾರರಾಗಿ ರೂಪುಗೊಂಡರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಬಂತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹೀಟ್ಸ್ ದಾಟಲಾಗಲಿಲ್ಲ. 1974ರಲ್ಲಿ ಟೆಹರಾನ್‌ನಲ್ಲಿ 1 ನಿಮಿಷ 47.6 ಸೆಕೆಂಡಿನಲ್ಲಿ ಏಷ್ಯಾದ ಚಿನ್ನ ಗೆದ್ದರು. ಎರಡೇ ವರ್ಷಗಳ ನಂತರ ಮಾಂಟ್ರಿಯಲ್‌ನ ಹೀಟ್ಸ್‌ನಲ್ಲಿ ಅವರ ಸಮಯ 1 ನಿಮಿಷ 45.86 ಸೆಕೆಂಡು. ಎಂಟುನೂರು ಮೀಟರ್ ಓಟದಲ್ಲಿ ಇದು ಬಹಳ ದೊಡ್ಡ ಜಿಗಿತ. ಫೈನಲ್‌ನಲ್ಲಿ ಇದೇ ಸಮಯ ಇನ್ನೂ 0.09 ಸೆಕೆಂಡು ತಗ್ಗಿತು. ಶಕ್ತಿ ಪೋಲುಮಾಡಿಕೊಂಡು ಸೋತವರು ಅದೇ ಓಟದಲ್ಲಿ ತಮ್ಮ ಜೀವಮಾನದ ಶ್ರೇಷ್ಠ ಸಮಯ ಸಾಧಿಸುವುದು ಹೇಗೆ? ರೂಢಿಯ ಕಥೆ ಈ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ.

ಮೊದಲ ಸುತ್ತು 50.85, ಎರಡನೆಯದು 54.92, ನಾಲ್ಕು ಸೆಕೆಂಡಿಗೂ ಹೆಚ್ಚಿನ ಈ ಅಂತರವೇ ತಪ್ಪಿಗೆ ಸಾಕ್ಷಿ, ಸಮವೇಗದಲ್ಲಿ ಓಡಿದ್ದರೆ ಪದಕವೇ ಸಿಗುತ್ತಿತ್ತು ಎಂದು ವಾದಿಸುವವರಿದ್ದಾರೆ. ಈ ಆಕ್ಷೇಪವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಕಂಚು ಗೆದ್ದ ಅಮೆರಿಕದ ರಿಕ್ ವೊಲ್‌ಹಟರ್ ಅವರ ಸಮಯ 1 ನಿಮಿಷ 44.12 ಸೆಕೆಂಡು, ಅಂದರೆ ಶ್ರೀರಾಮ್ ಸಿಂಗ್ ಅವರಿಗಿಂತ 1.65 ಸೆಕೆಂಡು ಮುಂದೆ. ವೇಗವನ್ನು ಹಂಚಿಕೊಂಡು ಓಡಿದ್ದರೆ ಸ್ವಲ್ಪ ಉಳಿಯುತ್ತಿತ್ತೆಂದು ಒಪ್ಪೋಣ. ಅಷ್ಟೊಂದು ಉಳಿಯುತ್ತಿತ್ತೆಂದು ನಂಬಲು ಅವರ ಹಿಂದಿನ ಯಾವ ಓಟವೂ ಆಧಾರ ಕೊಡುವುದಿಲ್ಲ. ಹೆಚ್ಚೆಂದರೆ ಆರನೆಯ, ಇಲ್ಲವೇ ಐದನೆಯ ಸ್ಥಾನ ಸಿಗುತ್ತಿತ್ತು. ಆರನೆಯವರಾದ ಲುಸಿಯಾನೊ ಸುಶಾನ್ ಮುಂದಿದ್ದುದು 0.02 ಸೆಕೆಂಡಿನಿಂದ ಮಾತ್ರ, ಐದನೆಯವರಾದ ಸ್ಟೀವ್ ಓವೆಟ್ 0.33 ಸೆಕೆಂಡಿನಿಂದ. ನಾಲ್ಕು ವರ್ಷಗಳ ನಂತರ ಮಾಸ್ಕೋದಲ್ಲಿ ಇದೇ 800 ಮೀಟರ್ ಚಿನ್ನ ಗೆದ್ದ ಓವೆಟ್ ಅವರಿಗೆ ಇಷ್ಟು ಹತ್ತಿರ ಬಂದದ್ದನ್ನು ನಮ್ಮ ಕ್ರೀಡಾ ಬರವಣಿಗೆ ಎತ್ತಿ ಹೇಳಿದ್ದು ತೀರಾ ಕಡಿಮೆ.

ನಿಧಾನಗತಿಯಲ್ಲಿ ಓಡಿ ಕೊನೆಯ ನೂರು ಮೀಟರಿಗೆ ಕಾಯುವುದು ಇನ್ನೊಂದು ದಾರಿಯಾಗಿತ್ತು. ಆದರೆ ಕಣದಲ್ಲಿದ್ದವರು ಯಾರು? ಅದೇ ಕೂಟದಲ್ಲಿ, ಕೆಲವೇ ದಿನಗಳ ನಂತರ, 400 ಮೀಟರನ್ನು 44.26 ಸೆಕೆಂಡಿನಲ್ಲಿ ಗೆದ್ದ ಹ್ವಾಂಟೊರೇನಾ. ಅಂಥ ವೇಗಿಯ ಜೊತೆ ಕೊನೆಯ ತಿರುವಿನವರೆಗೆ ಗುಂಪಿನಲ್ಲಿ ಸಾಗಿ ಆಮೇಲೆ ಸ್ಪರ್ಧಿಸುವುದೆಂದರೆ ಎದುರಾಳಿಯ ಬಲಕ್ಕೆ ತಾವಾಗಿ ಒಪ್ಪಿಸಿಕೊಂಡಂತೆ. ಆರಂಭದಿಂದಲೇ ಓಟವನ್ನು ಕಠಿಣಗೊಳಿಸಿದರೆ ಬೇರೆಯವರು ದಣಿಯುವ ಸಾಧ್ಯತೆಯಾದರೂ ಇರುತ್ತದೆ. ಆ ಲೆಕ್ಕ ಹ್ವಾಂಟೊರೇನಾ ವಿಷಯದಲ್ಲಿ ಫಲಿಸಲಿಲ್ಲ, ನಿಜ. ಫಲಿಸದ ಯೋಜನೆಯೆಲ್ಲ ತಪ್ಪು ಯೋಜನೆಯಲ್ಲ.

ಆಫ್ರಿಕದ ರಾಷ್ಟ್ರಗಳ ಬಹಿಷ್ಕಾರದಿಂದ ಆ ಫೈನಲ್ ಸಡಿಲವಾಗಿತ್ತು ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಮ್ಯೂನಿಕ್‌ನಲ್ಲಿ ಕಂಚು ಗೆದ್ದಿದ್ದ ಕೀನ್ಯಾದ ಮೈಕ್ ಬೋಯ್ಟ್ ಬಂದಿರಲಿಲ್ಲ. ಬಂದಿದ್ದರೆ ಏಳನೆಯ ಸ್ಥಾನ ಎಂಟಕ್ಕೆ ಇಳಿಯಬಹುದಿತ್ತು. ಆದರೆ ಗಡಿಯಾರದ ಮೇಲೆ ಬಹಿಷ್ಕಾರದ ಆಟ ನಡೆಯದು. 1 ನಿಮಿಷ 45.77 ಸೆಕೆಂಡು ಏಷ್ಯಾದ ದಾಖಲೆಯಾಗಿ, 1994ರಲ್ಲಿ ದಕ್ಷಿಣ ಕೊರಿಯಾದ ಲೀ ಜಿನ್-ಇಲ್ ಮುರಿಯುವವರೆಗೆ, 18 ವರ್ಷ ಉಳಿಯಿತು. ಭಾರತದ ದಾಖಲೆಯಾಗಿ 2018ರ ಜೂನ್‌ವರೆಗೆ, ಅಂದರೆ ಗುವಾಹಟಿಯಲ್ಲಿ ಜಿನ್ಸನ್ ಜಾನ್ಸನ್ 1 ನಿಮಿಷ 45.65 ಸೆಕೆಂಡಿನಲ್ಲಿ ಓಡುವವರೆಗೆ, ಸುಮಾರು 42 ವರ್ಷ ನಿಂತಿತು.

ಇಷ್ಟು ದೀರ್ಘ ಆಯುಷ್ಯವನ್ನು ಭಾರತೀಯ ಅಥ್ಲೆಟಿಕ್ಸ್‌ನ ದೌರ್ಬಲ್ಯಕ್ಕಷ್ಟೇ ಕಟ್ಟುವುದು ಅವಸರದ ತೀರ್ಮಾನ. 800 ಮೀಟರ್‌ನಲ್ಲಿ ಸಮಯ ಹುಟ್ಟುವುದು ಓಟಗಾರನ ಸಾಮರ್ಥ್ಯದಿಂದ ಎಷ್ಟೋ, ಓಟದ ಸ್ವರೂಪದಿಂದಲೂ ಅಷ್ಟೇ. ಬಾಬರ್ ಅವರ ಇನ್ನೊಬ್ಬ ಶಿಷ್ಯ ಚಾರ್ಲ್ಸ್ ಬೊರೊಮಿಯೊ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆಲ್ಲಲು 1 ನಿಮಿಷ 46.81 ಸೆಕೆಂಡು ಸಾಕಾಯಿತು. ಶ್ರೀರಾಮ್ ಸಿಂಗ್ ಅವರೇ 1978ರಲ್ಲಿ ಬ್ಯಾಂಕಾಕ್‌ನಲ್ಲಿ ಎರಡನೇ ಬಾರಿ ಏಷ್ಯಾದ ಚಿನ್ನ ಗೆದ್ದರೂ ಮಾಂಟ್ರಿಯಲ್‌ನ ಸಮಯವನ್ನು ಮತ್ತೆಂದೂ ಮುಟ್ಟಲಿಲ್ಲ. ಪದಕಕ್ಕಾಗಿ ಓಡುವ ಓಟಗಳಲ್ಲಿ ಅಂಥ ಮೊದಲ ಸುತ್ತಿನ ಅಗತ್ಯವೇ ಬೀಳಲಿಲ್ಲ. ಒಲಿಂಪಿಕ್ಸ್ ಫೈನಲ್‌ನಲ್ಲಿ ಆ ಅಗತ್ಯ ಬಿತ್ತು, ಮತ್ತು ಅದನ್ನು ಪೂರೈಸಿದವರು ಅವರೇ. ಹ್ವಾಂಟೊರೇನಾಗೆ ನೆರವಾದ ಅದೇ 50.85 ಸೆಕೆಂಡು ನಾಲ್ಕು ದಶಕ ಬಾಳಿದ ಭಾರತೀಯ ದಾಖಲೆಯ ಮೊದಲರ್ಧವೂ ಹೌದು.