ಸೀಜ್ ಆದ ಎಂಜಿನ್‌ಗೆ ಮರುಜೀವ: ಹಳೆಯ ಜಾವಾ, ಯೆಜ್ಡಿ ದುರಸ್ತಿ ಹೇಗೆ?

ರೋಣ: ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೇರಿದಂತೆ ರಾಜ್ಯದ ಹಲವೆಡೆ ದನದ ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಿಲಿನ ತಗಡಿನ ಕೆಳಗೋ ತುಕ್ಕು ಹಿಡಿದು ನಿಂತ ಹಳೆಯ ಮೋಟಾರ್ ಸೈಕಲ್‌ಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ಮೈಸೂರಿನಲ್ಲೇ ತಯಾರಾದ ಜಾವಾ ಹಾಗೂ ಯೆಜ್ಡಿಗೆ ವಿಶೇಷ ಸ್ಥಾನವಿದೆ. ಗುಜರಿಗೆ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ: ಎಂಜಿನ್ ಬಿಗಿದು ಅಲುಗಾಡದೆ ನಿಂತ ಮಾತ್ರಕ್ಕೆ ಗಾಡಿಯ ಆಯುಷ್ಯ ಮುಗಿಯಿತೆಂದು ಅರ್ಥವಲ್ಲ.

ಮೈಸೂರಿನ ನಂಟು: ಐಡಿಯಲ್ ಜಾವಾ ಕಂಪೆನಿಯು ಜೆಕೊಸ್ಲೊವಾಕಿಯಾದ ತಂತ್ರಜ್ಞಾನ ಪಡೆದು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಾವಾ ಉತ್ಪಾದನೆ ಆರಂಭಿಸಿತು. 1973ರಿಂದ ಯೆಜ್ಡಿ ಹೆಸರು ಬಳಕೆಗೆ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಮಾರುಕಟ್ಟೆಗೆ ಬಂದವಾದರೂ ಹೊಸ ಗಾಡಿಗಳದ್ದು ಫೋರ್ ಸ್ಟ್ರೋಕ್ ಎಂಜಿನ್. ಹೀಗಾಗಿ ಅವುಗಳ ಎಂಜಿನ್ ಬಿಡಿಭಾಗಗಳು ಹಳೆಯ ಟೂ ಸ್ಟ್ರೋಕ್ ಗಾಡಿಗೆ ಹೊಂದುವುದಿಲ್ಲ. ಮೂಲ ಸಿಲಿಂಡರ್ ಒಮ್ಮೆ ಹಾಳಾದರೆ ಅಂಥದ್ದೇ ಇನ್ನೊಂದನ್ನು ಹುಡುಕುವುದು ಕಷ್ಟ.

ಸೀಜ್ ಆಗಲು ಕಾರಣ: ಈ ಎಂಜಿನ್‌ನಲ್ಲಿ ಪಿಸ್ಟನ್‌ಗೆ ಜಾರುಗುಣ ಒದಗಿಸುವುದು ಪೆಟ್ರೋಲ್‌ನೊಂದಿಗೆ ಬೆರೆಸಿದ ಆಯಿಲ್. ಅದರ ಪ್ರಮಾಣ ಕಡಿಮೆಯಾದರೆ, ಇಲ್ಲವೇ ಗಾಳಿ ಸೋರಿ ಪೆಟ್ರೋಲ್ ಅಂಶ ತೆಳುವಾದರೆ ಶಾಖ ಏರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರ್‌ಗಿಂತ ಹೆಚ್ಚು ಹಿಗ್ಗಿ ಅದರ ಗೋಡೆಗೆ ಕಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಗಳಲ್ಲಿ ತೇವಾಂಶದಿಂದ ತುಕ್ಕು ಹಿಡಿದು ಪಿಸ್ಟನ್ ರಿಂಗ್ ಅಂಟಿಕೊಳ್ಳುವುದು ಇನ್ನೊಂದು ಬಗೆ. 2009 ಮತ್ತು 2019ರ ಮಲಪ್ರಭಾ ಪ್ರವಾಹದಲ್ಲಿ ನದಿತೀರದ ಗ್ರಾಮಗಳು ಜಲಾವೃತಗೊಂಡಿದ್ದವು. ಅಂಥ ನೆರೆಯಲ್ಲಿ ಮುಳುಗಿದ ಗಾಡಿಯ ಎಂಜಿನ್ ಒಳಗೆ ಕೆಸರೂ ಸೇರಿರುತ್ತದೆ. ಅದನ್ನು ಪೂರ್ತಿ ಬಿಚ್ಚದೆ ತಿರುಗಿಸಬಾರದು.

ಮೊದಲ ಹೆಜ್ಜೆ: ಬಲವಾಗಿ ಕಿಕ್ ಹೊಡೆಯುವುದು ಅಥವಾ ಗಾಡಿಯನ್ನು ತಳ್ಳಿಸಿ ಗೇರ್ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಇದರಿಂದ ರಿಂಗ್ ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ಬದಲಿಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದ ಮೂಲಕ ತುಕ್ಕು ಬಿಡಿಸುವ ಎಣ್ಣೆ ಅಥವಾ ಡೀಸೆಲ್ ಹಾಗೂ ಎಂಜಿನ್ ಆಯಿಲ್ ಮಿಶ್ರಣವನ್ನು ಸುರಿದು ಕೆಲವು ದಿನ ಬಿಡಬೇಕು. ಎಣ್ಣೆ ಇಳಿದಂತೆ ಮತ್ತಷ್ಟು ಸೇರಿಸಬೇಕು. ಬಳಿಕ ಟಾಪ್ ಗೇರ್‌ನಲ್ಲಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಬೇಕು. ಕೂದಲೆಳೆಯಷ್ಟು ಚಲನೆ ಕಂಡರೂ ಅದು ಶುಭಸೂಚನೆ, ಆತುರ ಸಲ್ಲದು.

ಬಿಚ್ಚಿದ ಬಳಿಕ: ಪಿಸ್ಟನ್ ಸಡಿಲಗೊಂಡಿತೆಂದು ಕೂಡಲೇ ಗಾಡಿ ಓಡಿಸುವುದು ಅಪಾಯಕಾರಿ. ಸಿಲಿಂಡರ್ ಕಳಚಿ ಗೀರುಗಳನ್ನು ಪರೀಕ್ಷಿಸಬೇಕು. ಗೀರು ಆಳವಾಗಿದ್ದರೆ ಲೇತ್ ಕೇಂದ್ರದಲ್ಲಿ ಬೋರಿಂಗ್ ಮಾಡಿಸಿ, ಅಳತೆಗೆ ತಕ್ಕ ದೊಡ್ಡ ಪಿಸ್ಟನ್ ಹಾಕಿಸಬೇಕು. ಪಿಸ್ಟನ್ ಕೈಗೆ ಬಂದ ಮೇಲಷ್ಟೇ ಬೋರಿಂಗ್ ಮಾಡಿಸುವುದು ಕ್ಷೇಮ. ಕ್ರ್ಯಾಂಕ್ ಬೇರಿಂಗ್‌ಗಳನ್ನು ಪರಿಶೀಲಿಸಿ, ಎರಡೂ ಬದಿಯ ಆಯಿಲ್ ಸೀಲ್‌ಗಳನ್ನು ತಪ್ಪದೇ ಬದಲಿಸಬೇಕು. ಎಡಬದಿಯ ಸೀಲ್ ಸೋರಿದರೆ ಗೇರ್ ಆಯಿಲ್ ಒಳನುಗ್ಗಿ ದಟ್ಟ ಹೊಗೆ ಬರುತ್ತದೆ. ಬಲಬದಿಯದು ಸೋರಿದರೆ ಗಾಳಿ ನುಗ್ಗಿ ಎಂಜಿನ್ ಮತ್ತೆ ಸೀಜ್ ಆಗುತ್ತದೆ. ಟ್ಯಾಂಕ್‌ನ ತುಕ್ಕು, ಕಾರ್ಬುರೇಟರ್‌ನ ಕೊಳೆ ತೆಗೆಯದಿದ್ದರೆ ಮಾಡಿದ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಪ್ರತಿ ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸುವುದು ರೂಢಿ. ಹೊಸ ಪಿಸ್ಟನ್ ಪಳಗುವವರೆಗೆ ವೇಗ ಮಿತಿಯಲ್ಲಿರಬೇಕು.

ದಾಖಲೆ ಮುಖ್ಯ: ಹಣ ಸುರಿಯುವ ಮೊದಲೇ ನೋಂದಣಿ ಪತ್ರ ಹುಡುಕುವುದು ಜಾಣತನ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ನಂತರ ಅರ್ಹತಾ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳು ಪತ್ರದೊಂದಿಗೆ ತಾಳೆಯಾಗಬೇಕಾದ್ದರಿಂದ ತುಕ್ಕು ತೆಗೆಯುವ ಭರದಲ್ಲಿ ಅವುಗಳನ್ನು ಉಜ್ಜಿ ಅಳಿಸಬಾರದು. 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ನೋಂದಣಿಯ ನಿಯಮ ರೂಪಿಸಿತು. ಆದರೆ ಅಂಥ ನೋಂದಣಿ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೊಲಕ್ಕೋ ಸಂತೆಗೋ ಗಾಡಿಯಲ್ಲಿ ಹೋಗುವ ಆಸೆಯುಳ್ಳವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಸೂಕ್ತ.