ಚರ್ಮದೊಳಗಿನ ಜಿಂಕೆ

ಹಳೆಯ ಕನ್ನಡ ಸಿನಿಮಾಗಳಲ್ಲಿ ಸಾಹುಕಾರನ ಮನೆ ಎಂದರೆ ಗೋಡೆಯ ಮೇಲೆ ಒಂದು ಜಿಂಕೆಯ ತಲೆ ಇರಲೇಬೇಕಿತ್ತು. ಮಲೆನಾಡಿನ ದೊಡ್ಡ ಮನೆಗಳಲ್ಲಿ, ಕೊಡಗಿನ ತೋಟದ ಬಂಗಲೆಗಳಲ್ಲಿ, ಹಳೆಯ ಕ್ಲಬ್ಬುಗಳಲ್ಲಿ ಇಂಥ ತಲೆಗಳು ಈಗಲೂ ಕಾಣಸಿಗುತ್ತವೆ. ಹೊಳೆಯುವ ಕಣ್ಣು, ನಿಮಿರಿದ ಕಿವಿ, ಇನ್ನೇನು ತಿರುಗಿ ನೋಡೀತು ಎಂಬಂಥ ಕತ್ತು. ಸತ್ತು ಅರ್ಧ ಶತಮಾನಕ್ಕೂ ಹೆಚ್ಚು ಕಳೆದ ಪ್ರಾಣಿಗೆ ಈ ಜೀವಕಳೆ ಬಂದದ್ದಾದರೂ ಹೇಗೆ?

ಉತ್ತರ ಚರ್ಮದಲ್ಲಿಲ್ಲ, ಚರ್ಮದ ಒಳಗಿದೆ. ಟ್ಯಾಕ್ಸಿಡರ್ಮಿ ಅಥವಾ ಚರ್ಮಪ್ರಸಾಧನ ಎಂಬ ಈ ವಿದ್ಯೆಯಲ್ಲಿ ಪ್ರಾಣಿಯದೇ ಆಗಿ ಉಳಿಯುವುದು ಮುಖ್ಯವಾಗಿ ಚರ್ಮ ಮತ್ತು ಕೊಂಬು ಮಾತ್ರ. ಉಳಿದದ್ದೆಲ್ಲ ಮನುಷ್ಯನ ಕೈಕೆಲಸ.

ಸತ್ತ ಪ್ರಾಣಿಯ ಚರ್ಮಕ್ಕೆ ಮತ್ತೆ ಆಕಾರ ಕೊಡುವುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ, ಕರೆಯುವ ಹೊತ್ತಿಗೆ ಹಸುವಿನ ಮುಂದೆ ನಿಲ್ಲಿಸುವ ರೂಢಿ ಹಿಂದೆ ಇತ್ತು. ಹಸು ಅದನ್ನು ಮೂಸಿ ನೆಕ್ಕಿ ಸೊರೆ ಬಿಡುತ್ತಿತ್ತು. ಹಸುವಿಗೆ ವಾಸನೆ ಸಾಕು, ಆದರೆ ಮನುಷ್ಯನ ಕಣ್ಣಿಗೆ ಅಷ್ಟು ಸಾಲದು. ಯುರೋಪಿನಲ್ಲಿಯೂ ಮೊದಲು ಚರ್ಮಕ್ಕೆ ಹುಲ್ಲು, ಹತ್ತಿ ತುರುಕಿ ಹೊಲಿಯುತ್ತಿದ್ದರು. ಅಂಥ ಜಿಂಕೆ ದಿಂಬಿನಂತೆ ಉಬ್ಬಿರುತ್ತಿತ್ತೇ ಹೊರತು ಅದರಲ್ಲಿ ಎಲುಬಾಗಲಿ ಸ್ನಾಯುವಾಗಲಿ ಎದ್ದು ಕಾಣುತ್ತಿರಲಿಲ್ಲ.

ಈ ಪದ್ಧತಿಯನ್ನು ಬದಲಿಸಿದವರಲ್ಲಿ ಅಮೆರಿಕದ ಕಾರ್ಲ್ ಏಕ್ಲಿ ಪ್ರಮುಖ. ಷಿಕಾಗೊದ ಫೀಲ್ಡ್ ಮ್ಯೂಸಿಯಂಗೆ ಆತ ನಾಲ್ಕು ಋತುಗಳಲ್ಲಿ ಜಿಂಕೆಗಳನ್ನು ತೋರಿಸುವ ದೃಶ್ಯಗಳನ್ನು ಸಿದ್ಧಪಡಿಸಿದ. 1902ರಲ್ಲಿ ಮ್ಯೂಸಿಯಂ ಅವನ್ನು ಕೊಂಡಿತು. ಏಕ್ಲಿ ಮೊದಲು ಶಿಲ್ಪಿಯಂತೆ ಜೇಡಿಮಣ್ಣಿನಲ್ಲಿ ಜಿಂಕೆಯ ಸ್ನಾಯುಗಳನ್ನು ತಿದ್ದುತ್ತಿದ್ದ. ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಕಾಗದ, ಬಟ್ಟೆ, ತಂತಿಬಲೆಗಳ ಹಗುರವಾದ ಟೊಳ್ಳು ದೇಹ ಎರಕಹೊಯ್ಯುತ್ತಿದ್ದ. ಹದಮಾಡಿದ ಚರ್ಮವನ್ನು ಅದಕ್ಕೆ ಅಂಟಿಸುತ್ತಿದ್ದ. ಈ ಒಳದೇಹಕ್ಕೆ ಮ್ಯಾನಿಕಿನ್ ಎಂದು ಹೆಸರು.

ಸುಮಾರು ಅದೇ ಕಾಲಕ್ಕೆ, 1900ರ ಹೊತ್ತಿಗೆ, ಮೈಸೂರಿನಲ್ಲಿ ಯೂಜಿನ್ ವ್ಯಾನ್ ಇಂಗೆನ್ ಈ ಉದ್ಯೋಗ ಆರಂಭಿಸಿದರು. ಅವರದು ಡಚ್ ಮೂಲದ ಕುಟುಂಬ. ಮಕ್ಕಳಿಗೆ ಬೋಥಾ, ಡಿ ವೆಟ್, ಜೌಬರ್ಟ್ ಎಂದು ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಬೋಯರ್ ಸೇನಾನಿಗಳ ಹೆಸರುಗಳು. ವಿಚಿತ್ರವೆಂದರೆ ಈ ಕುಟುಂಬದ ದೊಡ್ಡ ಗಿರಾಕಿಗಳು ಬ್ರಿಟಿಷ್ ಅಧಿಕಾರಿಗಳು ಮತ್ತು ಭಾರತದ ಮಹಾರಾಜರುಗಳೇ. ಮೈಸೂರಿನ ಅರಮನೆಯೂ ಅವರಲ್ಲಿ ಒಂದು.

ವ್ಯಾನ್ ಇಂಗೆನ್ ಕಾರ್ಖಾನೆಯ ಕೀರ್ತಿಗೆ ಕಾರಣ ಅದರ ಅಚ್ಚುಗಳು. ಬೇರೆ ಬೇರೆ ಅಳತೆಯ ಅಚ್ಚುಗಳಲ್ಲಿ ಕಾಗದವನ್ನು ಪದರಪದರವಾಗಿ ಅಂಟಿಸಿ ಮ್ಯಾನಿಕಿನ್‌ಗಳನ್ನು ತಯಾರಿಸುತ್ತಿದ್ದರು. ನವರಾತ್ರಿಗೆ ಬೊಂಬೆ ಕೂರಿಸುವ ಊರಿಗೆ ಕಾಗದದ ಬೊಂಬೆಯೇನೂ ಹೊಸದಲ್ಲ. ಆದರೆ ಇಲ್ಲಿ ಬೊಂಬೆ ಚರ್ಮದೊಳಗೆ ಅಡಗಿರಬೇಕಿತ್ತು.

ಜಿಂಕೆಯ ತಲೆ ಕೂರಿಸುವ ಕೆಲಸ ಆರಂಭವಾಗುವುದು ಅಳತೆಯಿಂದ. ಕಣ್ಣಿನ ಮೂಲೆಯಿಂದ ಮೂಗಿನ ತುದಿಗೆ ಎಷ್ಟು, ಕತ್ತಿನ ಸುತ್ತಳತೆ ಎಷ್ಟು, ಎರಡು ಕೊಂಬುಗಳ ನಡುವಿನ ಅಂತರ ಎಷ್ಟು ಎಂಬುದೆಲ್ಲ ಬೇಕು. ಅಚ್ಚು ದೊಡ್ಡದಾದರೆ ಚರ್ಮ ಸಾಲದೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಚಿಕ್ಕದಾದರೆ ಕತ್ತಿನಲ್ಲಿ ನೆರಿಗೆ ಬೀಳುತ್ತದೆ. ಇಂದು ಈ ಕೆಲಸ ಮಾಡುವ ದೇಶಗಳಲ್ಲಿ ಕಾಗದದ ಬದಲು ಫೋಮ್ ಅಚ್ಚುಗಳು ಸಿದ್ಧವಾಗಿ ಸಿಗುತ್ತವೆ. ಅದರ ನುಣುಪು ಮೈಯನ್ನು ಅರ ಅಥವಾ ತಂತಿಬ್ರಷ್ಷಿನಿಂದ ಉಜ್ಜಿ ಒರಟು ಮಾಡದಿದ್ದರೆ ಅಂಟು ಹಿಡಿಯುವುದಿಲ್ಲ. ಕೊಂಬನ್ನು ಹೊತ್ತ ಬುರುಡೆಯ ಚೂರನ್ನು ತಿರುಪುಮೊಳೆಗಳಿಂದ ಬಿಗಿಯುತ್ತಾರೆ. ಕೊಂಬು ಒಂದಿಷ್ಟು ಹಿಂದಕ್ಕೆ ವಾಲಿದರೂ ಮುಖದ ಚಹರೆಯೇ ಬದಲಾಗುತ್ತದೆ.

ಅತಿ ಕಷ್ಟದ ಭಾಗ ಕಣ್ಣು. ಜಿಂಕೆಯ ಕಣ್ಣು ತಲೆಯ ಪಕ್ಕದಲ್ಲಿದೆ, ಪಾಪೆ ಅಡ್ಡಕ್ಕೆ ಉದ್ದವಾಗಿದೆ. ಗಾಜಿನ ಕಣ್ಣನ್ನು ತಪ್ಪಾಗಿ ತಿರುಗಿಸಿದರೆ ಜಿಂಕೆ ಬೆದರಿದಂತೆಯೋ ಮಂಕು ಬಡಿದಂತೆಯೋ ಕಾಣುತ್ತದೆ. ಕಣ್ಣಿನ ಸುತ್ತ ಜೇಡಿಮಣ್ಣು ಮೆತ್ತಿ ರೆಪ್ಪೆಯ ಉಬ್ಬು ತರಬೇಕು. ಕಣ್ಣಿನ ಮುಂದಿರುವ ಗ್ರಂಥಿಯ ಗುಳಿಯನ್ನು ಕೆತ್ತಬೇಕು. ಕಡವೆಯಲ್ಲಿ ಈ ಗುಳಿ ಎದ್ದು ಕಾಣುವಷ್ಟು ದೊಡ್ಡದು. ಕಿವಿಯ ಮೆಲ್ಲೆಲುಬು ತೆಗೆದು ಬೇರೆ ಆಧಾರ ಕೊಡಬೇಕು. ತುಟಿಯ ಅಂಚು ಸಿಕ್ಕಿಸಲು ಅಚ್ಚಿನಲ್ಲಿ ಸಣ್ಣ ಸೀಳು ಮಾಡಬೇಕು. ಇಷ್ಟಾದ ಮೇಲೆಯೇ ಚರ್ಮ ತೊಡಿಸಿ, ಕತ್ತಿನ ಹಿಂದೆ ಹೊಲಿದು, ಗುಂಡುಸೂಜಿ ಚುಚ್ಚಿ ಒಣಗಲು ಬಿಡುವುದು. ಒಣಗುವಾಗ ಬಣ್ಣಗೆಡುವ ಮೂಗು, ರೆಪ್ಪೆಗಳಿಗೆ ಕೊನೆಯಲ್ಲಿ ಬಣ್ಣ ಕೊಡುತ್ತಾರೆ.

ಇಷ್ಟು ತಾಳ್ಮೆಯ ಕಲೆಯ ಹಿಂದೆ ಎಷ್ಟು ಗುಂಡುಗಳು ಹಾರಿದ್ದವು? ವ್ಯಾನ್ ಇಂಗೆನ್ ಕಾರ್ಖಾನೆಯ ಇತಿಹಾಸ ಬರೆದ ಬ್ರಿಟಿಷ್ ಪ್ರಾಣಿತಜ್ಞ ಪ್ಯಾಟ್ ಮಾರಿಸ್ ಅವರ ಲೆಕ್ಕದಂತೆ, ಹುಲಿ ಮತ್ತು ಚಿರತೆಗಳೇ ಸೇರಿ 43,000ಕ್ಕೂ ಹೆಚ್ಚು ಈ ಒಂದೇ ಕಾರ್ಖಾನೆಯನ್ನು ಹಾದುಹೋಗಿವೆ. ಇವೆಲ್ಲ ಮೈಸೂರಿನ ಕಾಡಿನವಲ್ಲ, ದೇಶದ ಮೂಲೆಮೂಲೆಗಳಿಂದ ಬಂದವು. ಹಾಗಿದ್ದರೂ 2022ರ ಗಣತಿಯಲ್ಲಿ ಇಡೀ ಕರ್ನಾಟಕದ ಹುಲಿಗಳ ಅಂದಾಜು 563 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಸಂಖ್ಯೆಯ ಭಾರ ತಿಳಿಯುತ್ತದೆ. ಕಾರ್ಖಾನೆ ಪ್ರಾಣಿಗಳನ್ನು ಕೊಲ್ಲಲಿಲ್ಲ ಎಂಬುದು ನಿಜ. ಆದರೆ ಕೊಂದದ್ದನ್ನು ಗೋಡೆಗೆ ಏರಿಸಿ ಮೆರೆಯುವ ಅವಕಾಶ ಶಿಕಾರಿಯ ಆಸೆಗೆ ನೀರೆರೆಯಲಿಲ್ಲ ಎನ್ನುವಂತೆಯೂ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಯುಗವನ್ನು ಮುಗಿಸಿತು. ಮರುವರ್ಷ, 1973ರಲ್ಲಿ, ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅರಣ್ಯಾಧಿಕಾರಿಯೇ ನಾಯಕನಾದ 'ಗಂಧದ ಗುಡಿ' ತೆರೆಗೆ ಬಂದದ್ದೂ ಅದೇ ವರ್ಷ. ಶಿಕಾರಿ ನಿಂತ ಮೇಲೆ ಕಾರ್ಖಾನೆಗೆ ಕೆಲಸ ಕಡಿಮೆಯಾಗುತ್ತ ಬಂತು. 1999ರಲ್ಲಿ ಅದು ಮುಚ್ಚಿತು. ಸೋದರರಲ್ಲಿ ಕೊನೆಯವರಾಗಿ ಉಳಿದಿದ್ದ ಜೌಬರ್ಟ್ ವ್ಯಾನ್ ಇಂಗೆನ್ ನೂರು ವರ್ಷ ಬಾಳಿ 2013ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಅಜ್ಜನ ಕಾಲದ ಜಿಂಕೆ ತಲೆ ಮನೆಯಲ್ಲಿರುವವರು ಎರಡು ಸಂಗತಿ ತಿಳಿದಿರಬೇಕು. ಒಂದು, ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಪತ್ರವಿದ್ದರೂ ಮಾರುವಂತಿಲ್ಲ. ಜಿಂಕೆ ವರ್ಷಕ್ಕೊಮ್ಮೆ ತಾನಾಗಿ ಉದುರಿಸುವ ಕೊಂಬನ್ನೂ ಕಾಡಿನಿಂದ ಹೆಕ್ಕಿ ತರುವಂತಿಲ್ಲ. ಎರಡು, ಹುಳ ಹಿಡಿಯದಿರಲೆಂದು ಹಿಂದೆ ಚರ್ಮಕ್ಕೆ ಆರ್ಸೆನಿಕ್ ವಿಷ ಹಚ್ಚುವುದು ಸಾಮಾನ್ಯವಾಗಿತ್ತು. ಆದ್ದರಿಂದ ಬರಿಗೈಯಲ್ಲಿ ಮುಟ್ಟುವುದು, ಧೂಳು ಕೊಡವುವುದು, ಮಕ್ಕಳ ಕೈಗೆಟಕುವಂತೆ ಇಡುವುದು ಕ್ಷೇಮವಲ್ಲ.

ಹಾಗೆಂದು ಈ ವಿದ್ಯೆಯೇ ಬೇಡವೆನ್ನಲಾಗದು. ಸಹಜವಾಗಿ ಸತ್ತ ಪ್ರಾಣಿಯನ್ನು ಸರ್ಕಾರದ ಅನುಮತಿಯೊಂದಿಗೆ ಪಾಠಕ್ಕಾಗಿ ಉಳಿಸುವ ಕೆಲಸ ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕೇಂದ್ರದಲ್ಲಿ 2009ರಲ್ಲಿ ಆರಂಭವಾಯಿತು. ಜಿಂಕೆಯ ಸ್ನಾಯು ಎಲ್ಲಿ ಉಬ್ಬುತ್ತದೆ, ಕಣ್ಣು ಎತ್ತ ನೋಡುತ್ತದೆ ಎಂದು ಮೈಸೂರಿನ ಕುಶಲಕರ್ಮಿಗಳು ಅರಿತಷ್ಟು ಸೂಕ್ಷ್ಮವಾಗಿ ಅರಿತವರು ಕಡಿಮೆ. ಆ ಅರಿವು ಸತ್ತ ಜಿಂಕೆಗಳಿಂದ ಬಂತು ಎಂಬುದು ಅದರ ದೌರ್ಭಾಗ್ಯ. ಬಂಡೀಪುರದ ರಸ್ತೆಯಂಚಿನಲ್ಲಿ ಕಿವಿ ನಿಮಿರಿಸಿ ನಿಂತ ಜಿಂಕೆಗೆ ಅಚ್ಚೂ ಬೇಡ, ಗಾಜಿನ ಕಣ್ಣೂ ಬೇಡ. ಅದನ್ನು ಅಲ್ಲಿಯೇ ಉಳಿಸಿಕೊಂಡರೆ ಸಾಕು.