ಮಲೆನಾಡಿನ ಇಳಿಜಾರು ಹಿತ್ತಲು: ಮಣ್ಣು ತಡೆಯುವ ಕ್ರಮದ ಮರುಪರಿಶೀಲನೆ

ಮಣ್ಣಿನ ಸವಕಳಿ ಎಂದೊಡನೆ ಬದು, ಇಂಗುಗುಂಡಿಗಳ ಮಾತು ಬರುವುದು ರೂಢಿ. ಬಯಲುಸೀಮೆಗೆ ಒಗ್ಗುವ ಈ ಕ್ರಮವನ್ನು, ವಾಡಿಕೆ ಮಳೆ 7,000 ಮಿ.ಮೀ. ಮೀರುವ ಆಗುಂಬೆಯ ಆಸುಪಾಸಿನ ಹಿತ್ತಲಿಗೂ ಹಾಗೆಯೇ ತಂದು ಕೂರಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆ. ಅಲ್ಲಿ ನೀರನ್ನು ನಿಲ್ಲಿಸುವುದು ಗುರಿ. ಇಲ್ಲಿ ನೀರನ್ನು ಮಣ್ಣಿಲ್ಲದೆ ಕಳಿಸುವುದು.

ಸವಕಳಿಗೆ ಮೊದಲು ಕೈಹಚ್ಚುವುದು ಬೀಳುವ ಹನಿ. 5 ಮಿ.ಮೀ. ದಪ್ಪದ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಡಿದು ಕಣಗಳನ್ನು ಸಿಡಿಸುತ್ತದೆ. ಹರಿಯುವ ನೀರು ಅವನ್ನು ಹೊತ್ತೊಯ್ಯುತ್ತದೆ. ಆಷಾಢದ ಹೊತ್ತಿಗೆ ಹಿತ್ತಲ ಗೋಡೆಯ ಬುಡದಲ್ಲಿ ಅಡಿಯೆತ್ತರಕ್ಕೆ ಏರಿದ ಕೆಂಪು ಕಲೆ ಇದಕ್ಕೆ ಸಾಕ್ಷಿ. ಬೆಣಚುಕಲ್ಲಿನ ಚೂರನ್ನು ನೆತ್ತಿಯಲ್ಲಿ ಹೊತ್ತು ನಿಂತ ಪುಟ್ಟ ಮಣ್ಣಿನ ಕಂಬಗಳೂ ಅಲ್ಲೇ ಕಾಣುತ್ತವೆ. ಕಂಬದ ಎತ್ತರವೇ ಸುತ್ತಲಿನ ಮಣ್ಣು ಇಳಿದ ಲೆಕ್ಕ. ಒಂದು ಗುಂಟೆಯಲ್ಲಿ ಒಂದು ಮಿಲಿಮೀಟರ್ ಇಳಿದರೂ ಹೋದದ್ದು ಸುಮಾರು 130 ಕಿಲೋ.

ಮರವಿದ್ದರೆ ಮಣ್ಣು ಉಳಿಯುತ್ತದೆಂಬ ನಂಬಿಕೆ ಪೂರ್ತಿ ನಿಜವಲ್ಲ. ಎಲೆಯ ತುದಿಯಲ್ಲಿ ಕೂಡಿ ದಪ್ಪಗಾದ ಹನಿ ಎಂಟೊಂಬತ್ತು ಮೀಟರ್ ಬೀಳುವಷ್ಟರಲ್ಲಿ ಗರಿಷ್ಠ ವೇಗದ ಹತ್ತಿರ ಬಂದಿರುತ್ತದೆ. ಹಲಸಿನ ಕೆಳಗೆ ಅಂಗಳದಂತೆ ಗುಡಿಸಿಟ್ಟ ನೆಲಕ್ಕೆ ಆ ನೆರಳಿನಿಂದ ಸಿಗುವ ರಕ್ಷಣೆ ಅಷ್ಟಕ್ಕಷ್ಟೇ. ಕಾಯುವುದು ನೆಲಕ್ಕಂಟಿದ ಹೊದಿಕೆ: ದರಕು, ಅಡಿಕೆ ಸೋಗೆ, ಕೆಸ, ಒಂದೆಲಗ. ವಿಶ್‌ಮೈಯರ್ ಮತ್ತು ಸ್ಮಿತ್ 1978ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಸವಕಳಿ ಸಮೀಕರಣದಲ್ಲೂ ಮನೆಯವರ ಕೈಗೆ ಸುಲಭವಾಗಿ ಸಿಗುವ ಅಂಶ ಇದೇ. ತೋಟಕ್ಕೆ ಸೊಪ್ಪು ಹೊದಿಸುವ ಉತ್ತರ ಕನ್ನಡದ ಸೊಪ್ಪಿನಬೆಟ್ಟದ ಪದ್ಧತಿಯನ್ನು ಬರಿಯ ಗೊಬ್ಬರದ ಲೆಕ್ಕದಲ್ಲಿ ನೋಡಿದರೆ ಅರ್ಧ ಮಾತ್ರ ಕಂಡಂತೆ.

ಇಳಿಜಾರು ಉದ್ದವಾದಷ್ಟೂ ಹರಿವಿಗೆ ಬಲ ಬರುವುದರಿಂದ ಅದನ್ನು ತುಂಡರಿಸಬೇಕು. ನೀರುಪೈಪಿನಿಂದ ಮಟ್ಟ ಹಿಡಿದು, 10–15 ಸೆಂ.ಮೀ. ಅಂತರದಲ್ಲಿ ಅಡ್ಡಸಾಲಾಗಿ ಲಾವಂಚ ನೆಟ್ಟರೆ ಸಾಲಿನ ಹಿಂದೆ ಮಣ್ಣು ತಾನೇ ಕೂತು ಮೆಟ್ಟಿಲಾಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದನ್ನು ಪ್ರಚಾರ ಮಾಡುವ ಎಷ್ಟೋ ಮೊದಲೇ ಗುಂಡ್ಲುಪೇಟೆ ಕಡೆಯ ರೈತರ ಹೊಲಗಳಿಗೆ ಲಾವಂಚದ ಗಡಿಬೇಲಿ ಇತ್ತು. ಬೇರಿಗೆ ಬೆಲೆಯಿದೆಯೆಂದು ಅಗೆಯಲು ಹೊರಟರೆ ಮಾತ್ರ ಎಲ್ಲ ಹೋಯಿತು.

ಗುಂಡಿಯ ವಿಷಯದಲ್ಲಿ ಖಚಿತವಾಗಿಯೇ ಹೇಳಬೇಕು. ಮನೆಗಾಗಿ ಗುಡ್ಡ ಕಡಿದು ಉಳಿಸಿದ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದು ಅಪಾಯ. ನೆನೆದ ಮಣ್ಣಿನ ತೂಕ ಹೆಚ್ಚುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಕಣಗಳ ಹಿಡಿತ ಸಡಿಲುತ್ತದೆ. 2018ರ ಆಗಸ್ಟಿನ ಕೊಡಗಿನ ಕುಸಿತಗಳ ಬಳಿಕ ಗುಡ್ಡ ಕಡಿಯುವುದು ಚರ್ಚೆಗೆ ಬಂತು. ಎಲ್ಲಿ ಇಂಗಿಸಬಾರದು ಎಂಬುದು ಬರಬೇಕಾದಷ್ಟು ಬಂದಿಲ್ಲ. ಧರೆಯ ಮೇಲೆ ಬೇಕಾದದ್ದು ಕಲ್ಲು ಹಾಸಿದ ಅಡ್ಡಗಾಲುವೆ, ಅದರಿಂದ ಪಕ್ಕದ ಹಳ್ಳಕ್ಕೆ ನಿಧಾನ ಇಳಿಯುವ ದಾರಿ. ಬುಡಕ್ಕೆ ಪಾಗಾರ ಕಟ್ಟುವುದಾದರೆ ಸಿಮೆಂಟು ಮೆತ್ತದ ಕಲ್ಲುಕಟ್ಟಣೆಯೇ ಲೇಸು. ಮೆತ್ತಲೇಬೇಕಾದರೆ ಹಿಂದಿನ ನೀರು ಬಸಿದುಹೋಗಲು ತಳದಲ್ಲಿ ಪೈಪು ಬಿಡಬೇಕು.